ಒಂದು ಅಂಗಿಗೆ ಎಷ್ಟು ಕೂಲಿ ಬೀಳುತ್ತದೆ?

ಬೆಂಗಳೂರು, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ಕೈ ಪಳಗಿಸಿಕೊಂಡು ಮಧುಗಿರಿಗೋ ಶಿರಾಕ್ಕೋ ಮರಳಿ, ಊರಲ್ಲೇ ನಾಲ್ಕು ಮೆಷಿನ್ ಹಾಕಿ ಜಾಬ್‌ವರ್ಕ್ ಮಾಡೋಣ ಎಂದುಕೊಂಡವರಿಗಾಗಿ ಈ ಬರಹ. ಕೆಲಸ ನಿಮಗೆ ಗೊತ್ತು. ಇನ್ನು ಕೂಲಿಯ ಲೆಕ್ಕ ಕಲಿಯಬೇಕು.

ಪೀಸಿಗೆ ಇಷ್ಟು ಎಂದು ಕೆಲಸ ಕೊಡುವವರು ದರ ಕಟ್ಟಿಬಿಡುತ್ತಾರೆ. ಬಾಂಗ್ಲಾದೇಶ, ವಿಯೆಟ್ನಾಂ ಜೊತೆ ಪೈಪೋಟಿ ಇರುವುದರಿಂದ ಅದನ್ನು ಏರಿಸುವುದು ಸುಲಭವಲ್ಲ. ಆಗ ಹೊಸಬರಿಗೆ ಮೊದಲು ಹೊಳೆಯುವುದು ಸಂಬಳ ಕಡಿತ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಏಕೆಂದು ಲೆಕ್ಕದಲ್ಲೇ ನೋಡೋಣ.

ಟೈಲರ್ ಒಬ್ಬರ ಸಂಬಳ ತಿಂಗಳಿಗೆ ₹15,000 ಎಂದಿಟ್ಟುಕೊಳ್ಳಿ. ಮಾಲೀಕರ ಪಾಲಿನ ಪಿಎಫ್ ಶೇ 12, ಇಎಸ್‌ಐ ಶೇ 3.25, ಬೋನಸ್ ಕನಿಷ್ಠ ಶೇ 8.33, ಗ್ರಾಚ್ಯುಟಿಗೆಂದು ತೆಗೆದಿಡಬೇಕಾದದ್ದು ಶೇ 4.81. ಎಲ್ಲ ಸೇರಿದರೆ ₹19,200 ದಾಟುತ್ತದೆ. 26 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು ₹740. ಪಿಎಫ್ ಕಟ್ಟದೆ ಉಳಿಸುವ ಯೋಚನೆ ಬೇಡ. ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು, ಕೇಂದ್ರ ಸರ್ಕಾರ ನಿಯಮವನ್ನೇ ಹಿಂದಕ್ಕೆ ಪಡೆಯಿತು. ಮಗಳ ಮದುವೆಗೋ ಮನೆ ಕಟ್ಟಲಿಕ್ಕೋ ಅವರಿಗಿರುವ ಗಂಟು ಅದೊಂದೇ.

ಈಗ 30 ಟೈಲರ್‌ಗಳ ಒಂದು ಲೈನ್. ದಿನಕ್ಕೆ 480 ನಿಮಿಷದಂತೆ ನಿಮ್ಮ ಕೈಲಿರುವುದು 14,400 ನಿಮಿಷ. ಒಂದು ಅಂಗಿಗೆ 20 ನಿಮಿಷದ ಹೊಲಿಗೆ ಎಂದರೆ 720 ಅಂಗಿ ಆಗಬೇಕು. ಆಗುವುದು 360. ಅಂದರೆ ಎಫಿಷಿಯೆನ್ಸಿ ಶೇ 50. ದಿನದ ಕೂಲಿ ₹22,200 ಆದ್ದರಿಂದ ಅಂಗಿಗೆ ₹62 ಬೀಳುತ್ತದೆ. ಅದೇ ಜನ, ಅದೇ ಸಂಬಳದಲ್ಲಿ 504 ಅಂಗಿ ಬಂದರೆ, ಅಂದರೆ ಶೇ 70 ಮುಟ್ಟಿದರೆ, ₹44. ಉಳಿಕೆ ₹18. ಸಂಬಳದಲ್ಲಿ ಸಾವಿರ ರೂಪಾಯಿ ಕಡಿದರೂ ಇಷ್ಟು ಉಳಿಯುವುದಿಲ್ಲ. ಬೇಸತ್ತ ಟೈಲರ್ ಬೆಂಗಳೂರಿನ ಬಸ್ ಹತ್ತುತ್ತಾರೆ, ಅಷ್ಟೇ.

ಶೇ 70 ಮುಟ್ಟುವುದು ಹೇಗೆ? ಲೈನ್ ಪಕ್ಕ ಒಂದು ಗಂಟೆ ಸುಮ್ಮನೆ ನಿಂತು ನೋಡಿ. ಕಾಲರ್ ಕೂರಿಸುವ ಮೆಷಿನ್ ಮುಂದೆ ಬಂಡಲ್‌ಗಳು ಗುಡ್ಡೆ ಬಿದ್ದಿರುತ್ತವೆ, ಅದರ ಆಚೆ ತೋಳು ಕೂರಿಸುವವರು ಕೈಕಟ್ಟಿ ಕೂತಿರುತ್ತಾರೆ. ಕಾಲರ್ ಹಾಕುವವರನ್ನು ಗದರಿದರೆ ವೇಗ ಬರುವುದಿಲ್ಲ, ಆಲ್ಟ್ರೇಷನ್ ಹೆಚ್ಚುತ್ತದೆ. ಬಿಚ್ಚಿ ಮತ್ತೆ ಹೊಲಿದ ಅಂಗಿಗೆ ಎರಡು ಸಲ ಕೂಲಿ ಕೊಟ್ಟಂತೆ. ಅದರ ಬದಲು ಕಾಲರ್ ಕೆಲಸಕ್ಕೆ ಇನ್ನೊಬ್ಬರನ್ನು ಹಾಕಿ. ಪ್ರತಿ ಲೈನ್‌ನಲ್ಲಿ ಎರಡು ಮೂರು ಆಪರೇಷನ್ ಬಲ್ಲ ನಾಲ್ಕೈದು ಮಂದಿಯನ್ನು ತಯಾರು ಮಾಡಿ, ಅವರಿಗೆ ನೂರಿನ್ನೂರು ಹೆಚ್ಚು ಕೊಡಿ. ನನ್ನ ಮಟ್ಟಿಗೆ ಸಣ್ಣ ಘಟಕದಲ್ಲಿ ಇದಕ್ಕಿಂತ ಲಾಭದ ಖರ್ಚಿಲ್ಲ.

ರಜೆಯ ಮಾತಿಗೆ ಬರೋಣ. ಕಡಲೆಕಾಯಿ ಕೀಳುವಾಗ, ರಾಗಿ ಕೊಯ್ಲಿನಲ್ಲಿ, ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಜನ ಬರುವುದಿಲ್ಲ. ಬೈದು ಪ್ರಯೋಜನವಿಲ್ಲ, ಅದು ಅವರ ಬದುಕು. ತಾಲ್ಲೂಕಿಗೊಂದು ಕಾಲಮಾನವಿದೆ. ಕೊರಟಗೆರೆಯಲ್ಲಿ ಅಡಿಕೆ ಸುಲಿಯುವ ದಿನಗಳೇ ಬೇರೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ ಹೊಲದ ಕೂಲಿ ಕೆಲಸವೇ ಕಡಿಮೆಯಾಗಿದೆ. ನಿಮ್ಮ ಟೈಲರ್‌ಗಳು ಯಾವ ಊರಿಂದ ಬರುತ್ತಾರೆಂದು ಕೇಳಿ ತಿಳಿದು, ಆ ವಾರಗಳಿಗೆ ಆರ್ಡರ್ ಕಡಿಮೆ ಒಪ್ಪಿಕೊಳ್ಳಿ. ಒಪ್ಪಿಕೊಂಡ ಮೇಲೆ ಓಟಿ ಮಾಡಿಸಿದರೆ ದುಪ್ಪಟ್ಟು ದರ ಕೊಡಬೇಕು, ಕಾನೂನೇ ಹಾಗಿದೆ.

ಕೊನೆಗೊಂದು ಎಚ್ಚರಿಕೆ. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ. ಫೆಬ್ರುವರಿಯಲ್ಲಿ ದರ ಒಪ್ಪಿ ಮೇ ತಿಂಗಳಲ್ಲಿ ಹೊಲಿದು ಕೊಡುವ ಆರ್ಡರ್ ಆದರೆ, ಆ ಏರಿಕೆಯನ್ನು ದರ ಮಾತಾಡುವಾಗಲೇ ಸೇರಿಸಿ ಕೇಳಿ. ಕೊಡಲೊಪ್ಪದಿದ್ದರೆ ಆ ಆರ್ಡರ್ ಬಿಟ್ಟುಬಿಡಿ.