ಟಾರ್ಚ್ ಹಿಡಿದವನ ಕನಸು: ‘ಲೂಸಿಯಾ’ ಚಿತ್ರವನ್ನು ನೋಡುವ ಬಗೆ



ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರ ಮನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗುತ್ತಾರೆ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಮಕ್ಕಳನ್ನು ಗದರಿಸಿ ಸುಮ್ಮನಿರಿಸಿದರೂ ನಿದ್ದೆ ಹತ್ತುವುದಿಲ್ಲ. ಅಂಥ ಮನೆಯವರಿಗೆ ‘ಲೂಸಿಯಾ’ ಚಿತ್ರದ ನಿಕ್ಕಿಯ ಪರಿಚಯ ಬೇಗ ಆದೀತು. ಬೆಂಗಳೂರಿನ ಒಂದು ಹಳೆಯ ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸುವುದು ಅವನ ಕೆಲಸ. ಅವನಿಗೆ ನಿದ್ದೆಯೇ ಬರುವುದಿಲ್ಲ.

ಪವನ್ ಕುಮಾರ್ ನಿರ್ದೇಶಿಸಿದ ಈ ಚಿತ್ರ ತೆರೆ ಕಂಡದ್ದು 2013ರಲ್ಲಿ. ನಿಕ್ಕಿಯ ಪಾತ್ರ ನೀನಾಸಂ ಸತೀಶರದು, ಅವನು ಮೆಚ್ಚುವ ಶ್ವೇತಾಳ ಪಾತ್ರ ಶ್ರುತಿ ಹರಿಹರನ್ ಅವರದು. ದೊಡ್ಡ ನಿರ್ಮಾಪಕರು ಸಿಗದಿದ್ದಾಗ ಪವನ್ ಕುಮಾರ್ ನೇರವಾಗಿ ಪ್ರೇಕ್ಷಕರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಮಂದಿ ತಮ್ಮ ಕೈಲಾದಷ್ಟು ಹಾಕಿದ್ದರಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿತು. ಒಂದು ಹಾಡಿಗೇ ಅಷ್ಟು ಸುರಿಯುವ ಉದ್ಯಮದಲ್ಲಿ ಇದು ಚಿಲ್ಲರೆ ಹಣ. ವಂತಿಗೆ ಎತ್ತಿ ಗುಡಿಯನ್ನೋ ದೇವಾಲಯವನ್ನೋ ಕಟ್ಟಿ ಗೊತ್ತಿರುವ ನಮಗೆ ಆ ಹಣದ ತೂಕ ತಿಳಿಯದ್ದಲ್ಲ. ಅದೇ ವರ್ಷ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿಯೂ ಇದಕ್ಕೆ ಬಂತು.

ಕಥೆಗೆ ಬರೋಣ. ನಿದ್ದೆಗೆಟ್ಟ ನಿಕ್ಕಿಗೆ ಒಬ್ಬ ‘ಲೂಸಿಯಾ’ ಎಂಬ ಗುಳಿಗೆ ಕೊಡುತ್ತಾನೆ. ನುಂಗಿದರೆ ನಿದ್ದೆ ಬರುತ್ತದೆ, ಬಯಸಿದ ಬದುಕೂ ಕನಸಾಗಿ ಬರುತ್ತದೆ. ನಿನ್ನೆ ಎಲ್ಲಿ ನಿಂತಿತ್ತೋ ಇಂದು ಅಲ್ಲಿಂದಲೇ ಮುಂದುವರಿಯುತ್ತದೆ. ಆ ಕನಸಿನಲ್ಲಿ ಅವನು ಹೆಸರಾಂತ ನಟ. ಇವೆರಡರ ನಡುವೆ ಮೂರನೆಯದೊಂದು ಎಳೆಯಿದೆ: ಆಸ್ಪತ್ರೆಯಲ್ಲಿ ಯಂತ್ರದ ಉಸಿರಿನಿಂದ ಬದುಕಿರುವ ಒಬ್ಬ, ಅವನಿಗೆ ಏನಾಯಿತೆಂದು ಹುಡುಕುತ್ತಿರುವ ತನಿಖಾಧಿಕಾರಿಗಳು. ಕೊನೆಯನ್ನು ನಾನು ಹೇಳುವುದಿಲ್ಲ. ಹೇಳಿದರೆ ನೋಡುವ ಸುಖವೇ ಹೋಯಿತು.

ಮೊದಲ ಅರ್ಧ ಗಂಟೆ ನಿಮಗೆ ಗೊಂದಲವಾಗಬಹುದು, ಬೇಸರವೂ ಆಗಬಹುದು. ಏಳಬೇಡಿ. ಒಂದು ಲೋಕದ ಮುಖಗಳು ಇನ್ನೊಂದರಲ್ಲಿ ಬೇರೆ ವೇಷದಲ್ಲಿ ಕಾಣಿಸುತ್ತವೆ. ಇಲ್ಲಿ ಚಿತ್ರಮಂದಿರದ ಮಾಲೀಕನಾದ ಶಂಕರಣ್ಣ, ಅಂದರೆ ಅಚ್ಯುತ್ ಕುಮಾರ್, ಅಲ್ಲಿ ಆ ನಟನ ವ್ಯವಹಾರ ನೋಡಿಕೊಳ್ಳುವವರು. ಸುಮ್ಮನೆ ಬಂದುಹೋದಂತಿದ್ದ ಮಾತು ಒಂದು ಗಂಟೆಯ ನಂತರ ಅರ್ಥ ಪಡೆಯುತ್ತದೆ. ಆದ್ದರಿಂದ ಕೈಯಲ್ಲಿ ಮೊಬೈಲ್ ಹಿಡಿದು ನೋಡುವವರಿಗೆ ಈ ಚಿತ್ರ ಏನನ್ನೂ ಕೊಡದು. ಎರಡನೆಯ ಸಲ ನೋಡಿದಾಗಲೇ ಹೆಚ್ಚು ದಕ್ಕುವ ಕೆಲವೇ ಕನ್ನಡ ಚಿತ್ರಗಳಲ್ಲಿ ಇದೊಂದು ಎಂಬುದು ನನ್ನ ಎಣಿಕೆ. ಹಾಡುಗಳು ಒಂದೆರಡು ಕಡಿಮೆಯಿದ್ದರೆ ಇನ್ನೂ ಚೆನ್ನಾಗಿತ್ತು, ಅದಿರಲಿ.

ನಾನು ಈಗ ಎಚ್ಚರವಾಗಿದ್ದೇನೆ ಎಂದು ನನಗೆ ಹೇಗೆ ಗೊತ್ತು? ಫ್ರಾನ್ಸಿನ ತತ್ತ್ವಜ್ಞಾನಿ ಡೇಕಾರ್ಟ್ 1641ರಲ್ಲಿ ಪ್ರಕಟಿಸಿದ ತನ್ನ ‘ಧ್ಯಾನಗಳು’ ಗ್ರಂಥದಲ್ಲಿ ಎತ್ತಿದ ಪ್ರಶ್ನೆ ಇದು. ನಮ್ಮ ನಾಡಿನಲ್ಲಿ ಅದಕ್ಕೂ ಬಹು ಹಿಂದೆಯೇ ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಗಾಢನಿದ್ದೆಗಳನ್ನು ಬೇರೆ ಬೇರೆಯಾಗಿ ವಿಚಾರಿಸಿದೆ. ಪವನ್ ಕುಮಾರ್ ಆ ಪ್ರಶ್ನೆಯನ್ನು ಟಾರ್ಚ್ ಹಿಡಿದವನ ಬಾಯಲ್ಲಿ ಇಟ್ಟಿದ್ದಾರೆ, ಅದೂ ಪಾಂಡಿತ್ಯದ ಸೋಗಿಲ್ಲದೆ. ಲೂಸಿಯಾ ಎಂಬ ಹೆಸರಿನ ಬೇರು ಲ್ಯಾಟಿನ್ನಿನ ‘ಲುಕ್ಸ್’, ಅಂದರೆ ಬೆಳಕು. ಡಿಸೆಂಬರ್ 13ರಂದು ನಾವು ಸ್ಮರಿಸುವ, ಕಣ್ಣಿನ ಬೇನೆಯವರು ಮೊರೆಹೋಗುವ ಸಂತ ಲೂಸಿಯ ಹೆಸರೂ ಅದೇ. ಕತ್ತಲೆಯಲ್ಲಿ ಬೆಳಕು ತೋರಿಸುವವನೇ ಬೆಳಕಿನ ಹೆಸರಿನ ಗುಳಿಗೆ ನುಂಗಿ ಕಣ್ಣು ಮುಚ್ಚುತ್ತಾನೆ!

ಗುಳಿಗೆಯ ಮಾತು ಬಂದಾಗ ಒಂದು ಎಚ್ಚರಿಕೆ ಹೇಳಲೇಬೇಕು. ಚಿತ್ರದ ಲೂಸಿಯಾ ಕಲ್ಪನೆಯದು, ಆದರೆ ನಿದ್ದೆಯ ಮಾತ್ರೆಗಳು ನಿಜ. ಅಲ್ಪ್ರಜೋಲಾಮ್‌ನಂಥವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕಾನೂನೇ ಇದೆ. ಅಭ್ಯಾಸವಾದ ಮೇಲೆ ಥಟ್ಟನೆ ಬಿಟ್ಟರೂ ಅಪಾಯ. ನಮ್ಮ ದೇಹದೊಳಗೆ ಹಗಲು ರಾತ್ರಿಗಳನ್ನು ಲೆಕ್ಕವಿಡುವ ಗಡಿಯಾರವೊಂದಿದೆ. ಅದರ ಕೆಲಸವನ್ನು ಬಿಡಿಸಿ ತೋರಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ವಾರ ವಾರಕ್ಕೆ ಪಾಳಿ ಬದಲಾದರೆ ಆ ಗಡಿಯಾರ ಹೊಂದಿಕೊಳ್ಳಲಾರದೆ ಒದ್ದಾಡುತ್ತದೆ. ಹಗಲಲ್ಲಿ ಹೊರಳಾಡುವ ಗಂಡನೋ ಮಗನೋ ಸಿಡಿಮಿಡಿಗೊಂಡರೆ ಅದು ಬರೀ ಕೋಪವಲ್ಲ. ನಿದ್ದೆಯಿಲ್ಲದೆ ವಾರಗಳೇ ಕಳೆದಿದ್ದರೆ ಅವರನ್ನು ವೈದ್ಯರ ಬಳಿ ಕರೆದೊಯ್ಯಿರಿ, ಅಂಗಡಿಗೆ ಚೀಟಿಯಿಲ್ಲದೆ ಹುಡುಗನನ್ನು ಕಳುಹಿಸಬೇಡಿ.

ಚಿತ್ರ ಚಿಕ್ಕ ಮಕ್ಕಳಿಗಲ್ಲ. ಕಾಲೇಜಿಗೆ ಹೋಗುವ ಮಕ್ಕಳೊಡನೆ, ಚಿತ್ತಾಪುರವಿರಲಿ ಚಿಂಚೋಳಿಯಿರಲಿ, ಒಂದು ಭಾನುವಾರ ಸಂಜೆ ಕೂತು ನೋಡಿ. ಟಾರ್ಚ್ ಹಿಡಿದ ಬಡವನ ಬದುಕು ಬಣ್ಣದಲ್ಲಿದೆ, ಸಿರಿವಂತ ನಟನ ಬದುಕು ಕಪ್ಪು ಬಿಳುಪಿನಲ್ಲಿದೆ. ಹಾಗೇಕೆ ಎಂದು ಮೊದಲು ಮಕ್ಕಳನ್ನು ಕೇಳಿ. ಅವರು ಹೇಳಿ ಮುಗಿಸುವವರೆಗೆ ನಿಮ್ಮ ಉತ್ತರವನ್ನು ಹೇಳಬೇಡಿ.