ಚೇತಕ್ ಮಾಡೆಲ್‌ಗೆ ಯಾವ ಟರ್ಬೈನ್? ಲೆಕ್ಕ ರೋಟರ್‌ನಿಂದ ಶುರು ಮಾಡೋಣ

ಆರ್‌ಸಿ ಹೆಲಿಕಾಪ್ಟರ್ ಅಂದ ಕೂಡಲೇ ನಮಗೆ ನೆನಪಾಗೋದು ಬ್ಯಾಟರಿ, ಮೋಟಾರ್. ಆದರೆ ನಿಜವಾದ ಟರ್ಬೈನ್ ಕೂರಿಸಿದ ಸ್ಕೇಲ್ ಮಾಡೆಲ್ ಸ್ಟಾರ್ಟ್ ಆಗುವಾಗ ಬರುವ ಶಿಳ್ಳೆಯನ್ನು ಒಮ್ಮೆ ಕೇಳಿದವರಿಗೆ ‘ನಮಗೂ ಒಂದು ಬೇಕು’ ಅನ್ನಿಸದೇ ಇರಲ್ಲ. ಆಮೇಲೆ ಬರೋ ಮೊದಲ ಪ್ರಶ್ನೆ: ಎಷ್ಟು ಕಿಲೋವ್ಯಾಟ್‌ದು ತಗೊಳ್ಳೋದು? ಈ ಪ್ರಶ್ನೆಯೇ ಸ್ವಲ್ಪ ತಲೆಕೆಳಗು. ಎಂಜಿನ್ ಎಷ್ಟು ಕೊಡುತ್ತೆ ಅನ್ನೋದಕ್ಕಿಂತ ಮೊದಲು ರೋಟರ್ ಎಷ್ಟು ಕೇಳುತ್ತೆ ಅಂತ ನೋಡಬೇಕು. ಒಂದು ಉದಾಹರಣೆ ಹಿಡಿದು ನೋಡೋಣ.

ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಚೇತಕ್ ಮೂಲತಃ ಫ್ರಾನ್ಸಿನ ಆಲುಯೆಟ್ 3. ಇದರ ಎಂಜಿನ್ ಕ್ಯಾಬಿನ್ ಹಿಂದೆ ಹೊರಗೇ ಕಾಣುತ್ತೆ, ಹಾಗಾಗಿ ಟರ್ಬೈನ್ ಮಾಡೆಲ್‌ಗೆ ಹೇಳಿ ಮಾಡಿಸಿದ ಹಾಗಿದೆ. ನಿಜವಾದ ರೋಟರ್‌ನ ವ್ಯಾಸ 11.02 ಮೀಟರ್, ಗರಿಷ್ಠ ತೂಕ 2,200 ಕೆಜಿ. ಆರನೇ ಒಂದು ಸ್ಕೇಲ್‌ಗೆ ಇಳಿಸಿದರೆ ರೋಟರ್ 1.84 ಮೀಟರ್ ಆಗುತ್ತೆ. ತೂಕ ಮಾತ್ರ ಆರರ ಘನ, ಅಂದ್ರೆ 216ರಿಂದ ಭಾಗವಾಗಿ ಸುಮಾರು 10 ಕೆಜಿಗೆ ಬರುತ್ತೆ. ಗೇರ್‌ಬಾಕ್ಸ್, ಇಂಧನ ಎಲ್ಲ ಸೇರಿಸಿ ನಾವು 12 ಕೆಜಿ ಅಂತ ಇಟ್ಟುಕೊಳ್ಳೋಣ.

ಮೊದಲ ಹೆಜ್ಜೆ: ಹೋವರ್‌ಗೆ ಎಷ್ಟು ಪವರ್?

ಮೊಮೆಂಟಮ್ ಥಿಯರಿ ಹೇಳೋದು ಇಷ್ಟು: ನ್ಯೂಟನ್‌ನಲ್ಲಿರುವ ತೂಕದ 1.5ನೇ ಘಾತವನ್ನು ತಗೊಳ್ಳಿ. ‘2 × ಗಾಳಿಯ ಸಾಂದ್ರತೆ × ರೋಟರ್ ವೃತ್ತದ ವಿಸ್ತೀರ್ಣ’ ಇದರ ವರ್ಗಮೂಲದಿಂದ ಅದನ್ನು ಭಾಗಿಸಿ. ನಮ್ಮ ತೂಕ 118 ನ್ಯೂಟನ್, ವಿಸ್ತೀರ್ಣ 2.66 ಚದರ ಮೀಟರ್. ಸಮುದ್ರಮಟ್ಟದಲ್ಲಿ 15 ಡಿಗ್ರಿ ಇದ್ದಾಗ ಸಾಂದ್ರತೆ 1.225, ಉತ್ತರ ಸುಮಾರು 500 ವ್ಯಾಟ್. ಆದರೆ ಬೆಂಗಳೂರು 900 ಮೀಟರ್‌ಗಿಂತ ಎತ್ತರದಲ್ಲಿದೆ. 30 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಸಾಂದ್ರತೆ 1.04ರ ಆಸುಪಾಸು. ಆಗ ಅದೇ ಹೋವರ್‌ಗೆ 543 ವ್ಯಾಟ್ ಬೇಕು.

ಇದು ಆದರ್ಶ ರೋಟರ್‌ನ ಲೆಕ್ಕ. ಸಣ್ಣ ಬ್ಲೇಡ್‌ಗಳ ಫಿಗರ್ ಆಫ್ ಮೆರಿಟ್ 0.6 ಅಂತ ಹಿಡಿದರೆ 905 ವ್ಯಾಟ್. ಟೈಲ್ ರೋಟರ್, ಗೇರ್ ನಷ್ಟ ಸೇರಿದರೆ ಸುಮಾರು 1.1 ಕಿಲೋವ್ಯಾಟ್. ಏರೋದಕ್ಕೆ, ಗಾಳಿ ಬೀಸಿದಾಗ ನಿಭಾಯಿಸೋದಕ್ಕೆ ಎರಡು ಪಟ್ಟು ಇಟ್ಟರೂ 2.2 ಕಿಲೋವ್ಯಾಟ್.

ಇಲ್ಲೊಂದು ಮರೆಯಬಾರದ ವಿಷಯ ಇದೆ. ಗಾಳಿ ತೆಳುವಾದಾಗ ರೋಟರ್ ಹೆಚ್ಚು ಕೇಳುತ್ತೆ, ಎಂಜಿನ್ ಕಡಿಮೆ ಕೊಡುತ್ತೆ. ಕೈಪಿಡಿಯಲ್ಲಿ ಬರೆದ ಪವರ್‌ನಲ್ಲಿ ಕನಿಷ್ಠ ಶೇ 15 ಕಡಿತ ಮಾಡಿಯೇ ನಮ್ಮೂರಿಗೆ ಲೆಕ್ಕ ಹಾಕಬೇಕು. ಹಾಗಿದ್ರೂ 4–5 ಕಿಲೋವ್ಯಾಟ್ ಟರ್ಬೈನ್ ನಮಗೆ ಧಾರಾಳ. ಅದಕ್ಕಿಂತ ದೊಡ್ಡದು ಅಂದ್ರೆ ಹೆಚ್ಚು ತೂಕ, ಹೆಚ್ಚು ಸೀಮೆಎಣ್ಣೆ, ಹೆಚ್ಚು ಬಿಸಿ.

ಎರಡನೇ ಹೆಜ್ಜೆ: ಒಂದು ಶಾಫ್ಟಾ, ಎರಡಾ?

ಚೇತಕ್‌ನ ಆರ್ತೂಸ್ಟ್ ಎಂಜಿನ್ ಒಂದೇ ಶಾಫ್ಟ್‌ನದು. ಕಂಪ್ರೆಸರ್, ಟರ್ಬೈನ್, ಔಟ್‌ಪುಟ್ ಎಲ್ಲ ಒಂದೇ ದಂಡಕ್ಕೆ ಕಟ್ಟಿಕೊಂಡಿವೆ. ವೇಗ ಯಾವಾಗಲೂ ಸ್ಥಿರ. ಸ್ಟಾರ್ಟ್ ಮಾಡುವಾಗ ರೋಟರ್ ಭಾರ ಬೀಳದಿರಲಿ ಅಂತ ಮಧ್ಯೆ ಕ್ಲಚ್ ಇದೆ. ಈ ವಿನ್ಯಾಸದಲ್ಲಿ ರೋಟರ್ ವೇಗ ಕುಸಿದರೆ ಕಂಪ್ರೆಸರ್ ವೇಗವೂ ಕುಸಿಯುತ್ತೆ, ಗಾಳಿ ಕಡಿಮೆಯಾಗುತ್ತೆ, ಪವರ್ ಇನ್ನೂ ಇಳಿಯುತ್ತೆ.

ಧ್ರುವ್‌ನ ಶಕ್ತಿ ಎಂಜಿನ್‌ನಲ್ಲಿ ಹಾಗಲ್ಲ. ಅಲ್ಲಿ ಪವರ್ ಟರ್ಬೈನ್ ಬೇರೆ ಶಾಫ್ಟ್‌ನಲ್ಲಿದೆ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಮಾತ್ರ ಆನ್ ಮಾಡಿ. ಇನ್ನೊಂದೂ ತಿರುಗುತ್ತೆ, ಅದನ್ನು ತಡೆದರೆ ಮೊದಲನೆಯದು ನಿಲ್ಲಲ್ಲ. ಕೊಂಡಿ ಅಂದ್ರೆ ಗಾಳಿ ಮಾತ್ರ. ಜೆಟ್‌ಕ್ಯಾಟ್‌ನಂಥ ಕಂಪನಿಗಳ ಹೆಲಿಕಾಪ್ಟರ್ ಮಾಡೆಲ್ ಟರ್ಬೈನ್‌ಗಳೂ ಇದೇ ಜಾತಿಯವು. ಅಂದ್ರೆ ನಮ್ಮ ಮಾಡೆಲ್ ನೋಡೋಕೆ ಚೇತಕ್, ಒಳಗೆ ಧ್ರುವ್!

ಇದಕ್ಕೂ ಒಂದು ಬೆಲೆ ಇದೆ. ಕಲೆಕ್ಟಿವ್ ಎಳೆದ ತಕ್ಷಣ ಪವರ್ ಬರಲ್ಲ. ಮುಂದಿನ ಗ್ಯಾಸ್ ಜನರೇಟರ್ ಮೊದಲು ವೇಗ ಹೆಚ್ಚಿಸಿಕೊಳ್ಳಬೇಕು. ಅಷ್ಟರಲ್ಲಿ ರೋಟರ್ ವೇಗ ಬಿದ್ದಿರುತ್ತೆ. ಆದ್ದರಿಂದ ಡೇಟಾ ಶೀಟ್‌ನಲ್ಲಿ ಗರಿಷ್ಠ ಪವರ್ ಪಕ್ಕದಲ್ಲೇ ಐಡಲ್‌ನಿಂದ ಫುಲ್‌ಗೆ ಎಷ್ಟು ಸೆಕೆಂಡ್ ಅಂತಲೂ ನೋಡಿ. ನಿಧಾನವಾಗಿ, ದೊಡ್ಡ ಹೆಲಿಕಾಪ್ಟರ್ ತರಹ ಹಾರಿಸೋದಾದರೆ ಇದು ತೊಂದರೆಯಲ್ಲ. ತ್ರೀಡಿ ಕಸರತ್ತು ಬೇಕಂದ್ರೆ ಎಲೆಕ್ಟ್ರಿಕ್ ಮೋಟಾರೇ ಸರಿ.

ಮೂರನೇ ಹೆಜ್ಜೆ: ಇಂಧನ ಮತ್ತು ಬಿಸಿ

ಶೀಟ್‌ನಲ್ಲಿ ನಿಮಿಷಕ್ಕೆ 150 ಮಿಲಿಲೀಟರ್ ಅಂತಿದ್ದರೆ 10 ನಿಮಿಷಕ್ಕೆ 1.5 ಲೀಟರ್, ಅಂದ್ರೆ 1.2 ಕೆಜಿ. ನಮ್ಮ ಒಟ್ಟು ತೂಕದ ಹತ್ತನೇ ಒಂದು ಪಾಲು! ಇಂಧನ ಖಾಲಿಯಾಗುತ್ತಾ ಬ್ಯಾಲೆನ್ಸ್ ಕೆಡಬಾರದು ಅಂದ್ರೆ ಟ್ಯಾಂಕ್ ಮಾಸ್ಟ್‌ನ ನೇರಕ್ಕೆ ಕೂರಬೇಕು. ಎಕ್ಸಾಸ್ಟ್ ನೂರಾರು ಡಿಗ್ರಿ ಇರುತ್ತೆ, ಫೈಬರ್‌ಗ್ಲಾಸ್ ಬಾಡಿ ಅದನ್ನು ತಡೆಯಲ್ಲ. ಸ್ಟೀಲ್ ಪೈಪ್ ಮತ್ತು ತಂಪು ಗಾಳಿಗೆ ದಾರಿ ಮೊದಲ ದಿನದ ಡ್ರಾಯಿಂಗ್‌ನಲ್ಲೇ ಇರಲಿ.

ಕೊನೆಯ ಹೆಜ್ಜೆ: ಎಂಜಿನ್ ನಿಂತರೆ?

1972ರ ಜೂನ್ 21ರಂದು ಫ್ರಾನ್ಸಿನ ಜಾನ್ ಬುಲೆ ಲಾಮಾ ಹೆಲಿಕಾಪ್ಟರನ್ನು 12,442 ಮೀಟರ್ ಎತ್ತರಕ್ಕೆ ಒಯ್ದರು. ನಮ್ಮ ಚೀತಾ ಇದೇ ಲಾಮಾದ ಎಚ್‌ಎಎಲ್ ರೂಪ. ಮೇಲೆ ಪವರ್ ತಗ್ಗಿಸಿದಾಗ ಎಂಜಿನ್ ಆರಿಹೋಯಿತು, ಮತ್ತೆ ಹತ್ತಲಿಲ್ಲ. ಅವರು ಆಟೋರೊಟೇಷನ್‌ನಲ್ಲೇ ನೆಲಕ್ಕಿಳಿದರು. ಟರ್ಬೈನ್ ಯಾವಾಗ ಬೇಕಾದರೂ ಆರಬಹುದು. ಆಗ ರೋಟರ್ ಬಿಡಿಯಾಗಿ ತಿರುಗಲು ಒನ್‌ವೇ ಕ್ಲಚ್ ಇರಲೇಬೇಕು. 1.84 ಮೀಟರ್ ರೋಟರ್ ನಿಮಿಷಕ್ಕೆ 1,100 ಸುತ್ತು ಸುತ್ತಿದರೆ ತುದಿಯ ವೇಗ ಸೆಕೆಂಡಿಗೆ 106 ಮೀಟರ್. ಇದು ಆಟಿಕೆ ಅಲ್ಲ. ಫೆಸ್ಟ್ ಜನಜಂಗುಳಿಯ ಹತ್ತಿರ ಹಾರಿಸೋ ಯೋಚನೆ ಬೇಡ. ಸ್ಟಾರ್ಟ್ ಮಾಡುವಾಗ ಕೈಯಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇರಲಿ.

ಹಾಗಾದ್ರೆ ನನ್ನ ಸಲಹೆ: ಮೊದಲು ಇದೇ ರೋಟರ್, ಇದೇ ತೂಕವನ್ನು ಎಲೆಕ್ಟ್ರಿಕ್ ಮೋಟಾರ್‌ನಿಂದ ಹಾರಿಸಿ. ಹೋವರ್‌ನಲ್ಲಿ ವೋಲ್ಟ್, ಆಂಪಿಯರ್ ಅಳೆಯಿರಿ. ಮೇಲಿನ 1.1 ಕಿಲೋವ್ಯಾಟ್ ಸರಿಯೋ ತಪ್ಪೋ ನಿಮ್ಮ ಕೈಯಲ್ಲೇ ಗೊತ್ತಾಗುತ್ತೆ. ಟರ್ಬೈನ್‌ಗೆ ದುಡ್ಡು ಕಟ್ಟೋದು ಆಮೇಲೆ. ಆಗ ಕೊಳ್ಳುವುದು ಬರೀ ಶಿಳ್ಳೆಯನ್ನಲ್ಲ, ನಿಮಗೆ ಬೇಕಾದ ಎಂಜಿನ್ನನ್ನು.