ಕೂಡಿಸುವ ಪೆಟ್ಟಿಗೆ ಹಾಡಿಗೆ ಏನು ಕೊಡುತ್ತದೆ?

ಪ್ರಶ್ನೆ: ಮನೆಯಲ್ಲೇ ಕಂಪ್ಯೂಟರಿನಲ್ಲಿ ಭಾವಗೀತೆ, ಜನಪದ ಗೀತೆ ರೆಕಾರ್ಡ್ ಮಾಡಿ ಮಿಕ್ಸ್ ಮಾಡುತ್ತೇನೆ. ‘ಕಂಪ್ಯೂಟರಿನೊಳಗೆ ಟ್ರ್ಯಾಕುಗಳನ್ನು ಕೂಡಿಸಿದರೆ ಹಾಡು ಚಪ್ಪಟೆಯಾಗುತ್ತೆ, ಒಂದು ಅನಲಾಗ್ ಸಮ್ಮಿಂಗ್ ಬಾಕ್ಸ್ ತಗೋ’ ಅಂತ ಗೆಳೆಯ ಹೇಳುತ್ತಿದ್ದಾನೆ. ಬೆಲೆ ಲಕ್ಷ ದಾಟುತ್ತದೆ. ನಿಜಕ್ಕೂ ವ್ಯತ್ಯಾಸ ಇದೆಯೇ?
– ಒಬ್ಬ ಓದುಗ, ಹಾಸನ

ಉತ್ತರ: ವ್ಯತ್ಯಾಸ ಇದೆ. ಆದರೆ ಅದು ಹುಟ್ಟುವುದು ಕೂಡಿಸುವ ಕೆಲಸದಿಂದಲ್ಲ. ದುಡ್ಡು ಕೊಡುವ ಮುಂಚೆ ಇಷ್ಟು ಸ್ಪಷ್ಟವಾಗಲೇಬೇಕು.

ನಿಮ್ಮ ಹಾಡಿನಲ್ಲಿ ದನಿ, ತಬಲ, ಕೊಳಲು, ಹಾರ್ಮೋನಿಯಂ ಎಲ್ಲ ಸೇರಿ 16 ಟ್ರ್ಯಾಕುಗಳಿವೆ ಎನ್ನಿ. 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದ್ದರೆ, ಕಂಪ್ಯೂಟರು ಸೆಕೆಂಡಿಗೆ 48,000 ಸಲ ಆ 16 ಅಂಕಿಗಳನ್ನು ಕೂಡಿಸುತ್ತದೆ. ನಾವು ಕಿರಾಣಿ ಅಂಗಡಿಯ ಚೀಟಿ ಕೂಡಿಸುವ ಹಾಗೆಯೇ. 32 ಬಿಟ್ ಫ್ಲೋಟ್ ಲೆಕ್ಕದಲ್ಲಿ ಹೀಗೆ ಕೂಡಿಸುವಾಗ ಆಗುವ ತಪ್ಪು ಹಾಡಿಗಿಂತ ಸುಮಾರು 140 ಡೆಸಿಬಲ್ ಕೆಳಗಿರುತ್ತದೆ. ನಿಮ್ಮ ಕೋಣೆಯ ಫ್ಯಾನಿನ ಸದ್ದು, ಬೀದಿಯಲ್ಲಿ ಹಾದುಹೋದ ಸ್ಕೂಟರಿನ ಸದ್ದು ಮೈಕಿನೊಳಗೆ ಬಂದು ಕೂತಿರುವುದು ಅದಕ್ಕಿಂತ ಎಷ್ಟೋ ಮೇಲೆ. ಈಗ ಹಲವು ಸಾಫ್ಟ್‌ವೇರುಗಳು 64 ಬಿಟ್‌ನಲ್ಲೇ ಕೂಡಿಸುತ್ತವೆ.

ಆದರೂ ನಿಮ್ಮ ಗೆಳೆಯರ ಮಾತಿಗೆ ಒಂದು ಹಿನ್ನೆಲೆ ಇದೆ, ಅದನ್ನು ತಳ್ಳಿಹಾಕಲಾರೆ. ಮೊದಲಿನ ಡಿಜಿಟಲ್ ಮಿಕ್ಸರುಗಳು ಫಿಕ್ಸೆಡ್ ಪಾಯಿಂಟಿನವು. ಮಟ್ಟ ಜಾಸ್ತಿಯಾದರೆ ಒಳಗೇ ದನಿ ಒಡೆಯುತ್ತಿತ್ತು. ಹೆದರಿ ತಗ್ಗಿಸಿದರೆ ಕೆಳಗಿನ ಬಿಟ್‌ಗಳು ಕಳೆದುಹೋಗುವ ಅಪಾಯ. 2002ರ ಪ್ರೊ ಟೂಲ್ಸ್ ಎಚ್‌ಡಿ 48 ಬಿಟ್ ಮಿಕ್ಸರಿನೊಂದಿಗೆ ಬಂತು. 2011ರ ಎಚ್‌ಡಿಎಕ್ಸ್ 64 ಬಿಟ್ ಫ್ಲೋಟಿನಲ್ಲಿ ಕೂಡಿಸತೊಡಗಿತು. ಆ ಫಿಕ್ಸೆಡ್ ಪಾಯಿಂಟ್ ಕಾಲದಲ್ಲೇ ಎಂಜಿನಿಯರುಗಳು ದೊಡ್ಡ ಕನ್ಸೋಲ್ ಬಿಟ್ಟು ಮೌಸಿಗೆ ಬಂದಿದ್ದರು. ಹಳೆಯ ಸೊಗಸು ಕಾಣೆಯಾಯಿತು ಎನ್ನಿಸಿದಾಗ ಆಪಾದನೆ ಸಂಕಲನದ ಮೇಲೆ ಬಿತ್ತು. ಕಾಣೆಯಾದದ್ದು ಪ್ರತಿ ಚಾನೆಲ್ಲಿನ ಪ್ರೀಆಂಪ್, ಟ್ರಾನ್ಸ್‌ಫಾರ್ಮರ್, ಈಕ್ವಲೈಜರ್, ಫೇಡರಿನ ಮೇಲಿನ ಹತ್ತು ಬೆರಳು. ಆ ಕೊರತೆ ತುಂಬಲೆಂದೇ ಈ ಶತಮಾನದ ಆರಂಭದಲ್ಲಿ ಡೇಂಜರಸ್ ಮ್ಯೂಸಿಕ್‌ನ ‘2-ಬಸ್’ನಂಥ, 16 ಒಳದಾರಿಗಳ ಪೆಟ್ಟಿಗೆಗಳು ಬಂದವು.

ಅಂಥ ಪೆಟ್ಟಿಗೆಯೊಳಗೆ ಪ್ರತಿ ಚಾನೆಲ್ಲಿಗೂ ಒಂದು ರೆಸಿಸ್ಟರ್. ಎಲ್ಲವೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ, ಅಲ್ಲಿಂದ ಒಂದು ಆಂಪ್ಲಿಫೈಯರ್ ಎತ್ತಿಕೊಳ್ಳುತ್ತದೆ. ಒಂದು ಬಿಂದುವಿಗೆ 16 ದಾರಿ ಸೇರಿದರೆ ಆ ಆಂಪ್ಲಿಫೈಯರ್ ತನ್ನದೇ ಗೊರಗೊರವನ್ನು 17 ಪಟ್ಟು, ಅಂದರೆ ಸುಮಾರು 25 ಡೆಸಿಬಲ್, ಹಿಗ್ಗಿಸುತ್ತದೆ. ಸುಮ್ಮನಿರುವ ಚಾನೆಲ್ಲೂ ಈ ಲೆಕ್ಕದಲ್ಲಿ ಸೇರಿಯೇ ಇರುತ್ತದೆ. ಚೆನ್ನಾಗಿ ಕಟ್ಟಿದ ಪೆಟ್ಟಿಗೆಯಲ್ಲಿ ಇದೂ ಕೇಳಿಸದು. ಕಿವಿಯ ಮಟ್ಟಿಗೆ ಅಂಥದ್ದು ಕಂಪ್ಯೂಟರಿನಷ್ಟೇ ಶುದ್ಧವಾಗಿ ಕೂಡಿಸುತ್ತದೆ. ‘ಬೆಚ್ಚಗಿದೆ, ಅಗಲವಾಗಿದೆ’ ಎನ್ನಿಸುವ ಗುಣ ಬರುವುದು ಟ್ರಾನ್ಸ್‌ಫಾರ್ಮರಿನಿಂದ, ಮಟ್ಟ ಎತ್ತುವ ಆಂಪ್ಲಿಫೈಯರಿನಿಂದ. ಡಗ್ಗಾದ ಗುಂಗಿನಂಥ ತಗ್ಗಿನ ದನಿ ಜೋರಾಗಿ ಬಂದಾಗ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ತುಸು ತಡವರಿಸಿ ಮೂರನೆಯ ಹಾರ್ಮೋನಿಕ್ ಸೇರಿಸುತ್ತದೆ. ಅದು ಕಿವಿಗೆ ಇಷ್ಟವಾಗಬಹುದು, ನನಗೂ ಇಷ್ಟ. ಕಲ್ಲಿನ ಮರಿಗೆಯಲ್ಲಿ ಕುದಿಸಿದ ಗೊಜ್ಜಿನ ರುಚಿ ಬೇರೆಯೇ ಅಲ್ಲವೇ?

ಮುಖ್ಯವಾದ ಮಾತು ಇಲ್ಲಿದೆ. ಆ ಬಣ್ಣ ಹೆಚ್ಚಾಗಿ ಬರುವುದು ಎಲ್ಲ ಕೂಡಿದ ಮೇಲೆ, ಹೊರದಾರಿಯ ಎರಡು ಚಾನೆಲ್ಲುಗಳಲ್ಲಿ. ಹಾಗಿದ್ದರೆ 16 ದಾರಿಗಳು ಯಾಕೆ? ಕಂಪ್ಯೂಟರಿನಲ್ಲೇ ಕೂಡಿಸಿ, ಸಿದ್ಧವಾದ ಸ್ಟೀರಿಯೋ ಹಾಡನ್ನು ಟ್ರಾನ್ಸ್‌ಫಾರ್ಮರ್ ಇರುವ ಒಂದು ಜೊತೆ ಆಂಪ್ಲಿಫೈಯರಿನ ಮೂಲಕ ಹಾಯಿಸಿ ಮತ್ತೆ ರೆಕಾರ್ಡ್ ಮಾಡಿಕೊಂಡರೆ ಬಹುಪಾಲು ಅದೇ ಫಲ ಸಿಗುತ್ತದೆ. ಪೆಟ್ಟಿಗೆ ಕೊಂಡರೆ ಅದರ ಬೆಲೆಯ ಜೊತೆಗೆ 16 ಚಾನೆಲ್ ಹೊರಕಳಿಸುವ ಕನ್ವರ್ಟರಿನ ಬೆಲೆಯನ್ನೂ ತೆರಬೇಕು. ಇದನ್ನು ಗೆಳೆಯರು ಹೇಳಿರಲಿಕ್ಕಿಲ್ಲ.

ನಂಬಬೇಡಿ, ಪರೀಕ್ಷೆ ಮಾಡಿ. ಒಂದೇ ಟ್ರ್ಯಾಕುಗಳನ್ನು, ಎಫೆಕ್ಟ್ ಯಾವುದೂ ಇಲ್ಲದೆ, ಎರಡು ಬೇರೆ ಸಾಫ್ಟ್‌ವೇರುಗಳಲ್ಲಿ ಕೂಡಿಸಿ. ಪ್ಯಾನ್ ನಿಯಮ ಎರಡರಲ್ಲೂ ಒಂದೇ ಇರಲಿ: ದನಿಯನ್ನು ನಡುವೆ ಇಟ್ಟಾಗ ಒಂದು 3 ಡೆಸಿಬಲ್ ಇಳಿಸುತ್ತದೆ, ಇನ್ನೊಂದು ಇಳಿಸುವುದೇ ಇಲ್ಲ; ‘ಈ ಸಾಫ್ಟ್‌ವೇರಿನ ಸೌಂಡೇ ಬೇರೆ’ ಎಂಬ ಎಷ್ಟೋ ಜಗಳಗಳ ಮೂಲ ಇದೇ. ಬಳಿಕ ಒಂದರ ಪೋಲಾರಿಟಿ ತಿರುಗಿಸಿ ಎರಡನ್ನೂ ಒಟ್ಟಿಗೆ ನುಡಿಸಿ. ಹಾಡು ಮಾಯವಾಗಿ ಮೌನ ಉಳಿಯುತ್ತದೆ.

ಅನಲಾಗ್ ಪೆಟ್ಟಿಗೆಯನ್ನು ಹೋಲಿಸುವಾಗ ಎರಡರ ಮಟ್ಟವೂ 0.1 ಡೆಸಿಬಲಿನೊಳಗೆ ಸಮ ಇರಲೇಬೇಕು. ಅರ್ಧ ಡೆಸಿಬಲ್ ಜೋರಿರುವುದನ್ನು ಕಿವಿ ‘ಜೋರು’ ಎನ್ನುವುದಿಲ್ಲ, ‘ಚೆನ್ನಾಗಿದೆ’ ಎನ್ನುತ್ತದೆ. ಒಮ್ಮೆ ಎರಡು ಮಿಕ್ಸ್ ಕೇಳಿ ಒಂದನ್ನು ಒಂದು ಇಡೀ ಸಂಜೆ ಹೊಗಳಿದ್ದೆ. ಮಾರನೆಯ ದಿನ ಅಳೆದಾಗ ಅದು 0.6 ಡೆಸಿಬಲ್ ಮೇಲಿತ್ತು. ಅಂದಿನಿಂದ ಮೀಟರ್ ನೋಡದೆ ಅಭಿಪ್ರಾಯ ಹೇಳುತ್ತಿಲ್ಲ.

ಲಕ್ಷ ರೂಪಾಯಿ ಇದ್ದರೆ ಮೊದಲು ಕೋಣೆಯ ಮೂಲೆಗಳಿಗೆ ದಪ್ಪ ಗ್ಲಾಸ್‌ವುಲ್ ಹಲಗೆ ಹಾಕಿಸಿ, ನಂಬಬಹುದಾದ ಒಂದು ಜೊತೆ ಸ್ಪೀಕರ್ ಕೊಳ್ಳಿ. ಆಮೇಲೂ ಆಸೆ ಉಳಿದರೆ ಪೆಟ್ಟಿಗೆಯನ್ನು ಒಂದು ದಿನಕ್ಕೆ ಎರವಲು ತನ್ನಿ. ಯಾವ ಫೈಲ್ ಯಾವುದೆಂದು ನಿಮಗೆ ತಿಳಿಯದಂತೆ ಗೆಳೆಯರೇ ಹತ್ತು ಸಲ ನುಡಿಸಲಿ. ನೀವು ಪ್ರತಿ ಸಲವೂ ಉತ್ತರ ಬರೆದಿಟ್ಟುಕೊಳ್ಳಿ.